ಅಟ್ಟದ ಮೇಲಿನ ಜಾಯಿಂಟ್: ಮಲೆನಾಡಿನ ಹಳೆಯ ಮನೆಯೊಂದರ ವೈರಿಂಗ್ ಪ್ರಕರಣ

ಸಾಗರ ತಾಲ್ಲೂಕಿನ ಅಡಿಕೆ ತೋಟವೊಂದರ ಅಂಚಿನಲ್ಲಿರುವ ಹೆಂಚಿನ ಮನೆಯಿಂದ 2019ರ ಜುಲೈಯಲ್ಲಿ ನನಗೆ ಬಂದ ಕರೆಯಲ್ಲಿ ಎರಡು ದೂರುಗಳಿದ್ದವು. ಬೆಳಿಗ್ಗೆ ಬಚ್ಚಲುಮನೆಯ ಗೀಸರ್ ಹಾಕಿದ ಹತ್ತು ಹದಿನೈದು ನಿಮಿಷಕ್ಕೆ ಎಲ್ಲಿಂದಲೋ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ, ಹುಡುಕಿದರೆ ಜಾಗ ಸಿಗುವುದಿಲ್ಲ ಎಂಬುದು ಮೊದಲನೆಯದು. ಬಿಸಿನೀರಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಅದೂ ಬೆಳಿಗ್ಗೆ ಮೊದಲು ಸ್ನಾನಕ್ಕೆ ಹೋದವರಿಗೆ ಮಾತ್ರ, ಆಮೇಲೆ ಹೋದವರಿಗೆ ಏನೂ ಆಗುವುದಿಲ್ಲ ಎಂಬುದು ಎರಡನೆಯದು. ಮನೆಯ ಯಜಮಾನರು ಈ ಎರಡನೆಯ ದೂರನ್ನು ಸ್ವಲ್ಪ ಸಂಕೋಚದಿಂದಲೇ ಹೇಳಿದರು, ಏಕೆಂದರೆ ಮನೆಯಲ್ಲಿ ಮೊದಲು ಏಳುವವರು ಅವರ ತಾಯಿಯೊಬ್ಬರೇ ಆಗಿದ್ದು, ಅವರ ಮಾತನ್ನು ಉಳಿದವರು ವಯಸ್ಸಿನ ಭ್ರಮೆ ಎಂದು ತಳ್ಳಿಹಾಕಿದ್ದರು. ಅಜ್ಜಿ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು, ಮತ್ತು ಕೊನೆಗೆ ನೋಡಿದರೆ ಎರಡೂ ದೂರುಗಳ ಬೇರು ಅಟ್ಟದ ಮೇಲಿನ ಒಂದೇ ಮರದ ಪೆಟ್ಟಿಗೆಯಲ್ಲಿತ್ತು.

ಮನೆ ಕಟ್ಟಿದ್ದು 1970ರ ದಶಕದ ನಡುವಿನಲ್ಲಿ. ಗೋಡೆ ಮಣ್ಣಿನದು, ಮೇಲೆ ಸುಣ್ಣದ ಗಾರೆ. ವೈರಿಂಗ್ ಅಂದಿನ ರೂಢಿಯಂತೆ ಬ್ಯಾಟನ್ ವೈರಿಂಗ್, ಅಂದರೆ ಸಾಗವಾನಿಯ ತೆಳು ಪಟ್ಟಿಯನ್ನು ಗೋಡೆಗೂ ತೊಲೆಗೂ ಬಡಿದು ಅದರ ಮೇಲೆ ತಂತಿಗಳನ್ನು ತಗಡಿನ ಕ್ಲಿಪ್ಪುಗಳಿಂದ ಬಿಗಿದದ್ದು. ತಂತಿ ಅಲ್ಯೂಮಿನಿಯಂ, ಒಂಟಿ ಎಳೆ, ಪಿವಿಸಿ ಹೊದಿಕೆ. ತಾಮ್ರವನ್ನು ಬಹುಮಟ್ಟಿಗೆ ಹೊರದೇಶದಿಂದ ತರಬೇಕಾಗಿದ್ದ, ಅಲ್ಯೂಮಿನಿಯಮ್ಮಿನ ಅದಿರಾದ ಬಾಕ್ಸೈಟ್ ಮಾತ್ರ ನಮ್ಮಲ್ಲೇ ಸಿಗುತ್ತಿದ್ದ ಆ ಕಾಲದಲ್ಲಿ ಮನೆಯೊಳಗಿನ ತಂತಿಯೂ ಅಲ್ಯೂಮಿನಿಯಂ ಆದದ್ದು ಆಶ್ಚರ್ಯವಲ್ಲ. ಬೆಳಕಿನ ಸಾಲುಗಳಿಗೆ 1.5 ಚದರ ಮಿಲಿಮೀಟರ್, ಒಂದೇ ಒಂದು ಪವರ್ ಪಾಯಿಂಟಿಗೆ 2.5 ಚದರ ಮಿಲಿಮೀಟರ್. ಎರಡೇ ತಂತಿ, ಫೇಸ್ ಮತ್ತು ನ್ಯೂಟ್ರಲ್. ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ಥ್ ತಂತಿ ಇರಲಿಲ್ಲ. ಬಚ್ಚಲಿನಲ್ಲಿ ಹಂಡೆ ಇದ್ದ ಕಾಲಕ್ಕೆ ಇಷ್ಟು ಸಾಕಾಗಿತ್ತು.

2012ರಲ್ಲಿ ಬಚ್ಚಲುಮನೆಯನ್ನು ಹೊಸದಾಗಿ ಕಟ್ಟಿಸಿ, ಹಳೆಯ ಕಬ್ಬಿಣದ ಪೈಪುಗಳನ್ನು ತೆಗೆದು ಪ್ಲಾಸ್ಟಿಕ್ ಪೈಪು ಹಾಕಿಸಿ, 3 ಕಿಲೋವ್ಯಾಟಿನ, ಲೋಹದ ತೊಟ್ಟಿಯ ಗೀಸರ್ ಕೂರಿಸಿದರು. ಗೀಸರಿನಿಂದ ಅಟ್ಟದವರೆಗೆ ಸುಮಾರು 7 ಮೀಟರ್ ಹೊಸ ತಾಮ್ರದ ತಂತಿ, 2.5 ಚದರ ಮಿಲಿಮೀಟರಿನದು, ಮೂರು ಬಣ್ಣದ್ದು: ಕೆಂಪು, ಕಪ್ಪು, ಹಸಿರು. ಅಟ್ಟದಲ್ಲಿ ಅದನ್ನು ಮೇನ್ ಬೋರ್ಡಿನಿಂದ ಬರುವ 18 ಮೀಟರ್ ಉದ್ದದ ಹಳೆಯ ಅಲ್ಯೂಮಿನಿಯಂ ತಂತಿಗೆ ಹೊಸೆದು, ಕಪ್ಪು ಟೇಪು ಸುತ್ತಿ, ಮರದ ಪೆಟ್ಟಿಗೆಯೊಳಗೆ ತುರುಕಿದ್ದರು. ಹಸಿರು ತಂತಿಗೆ ಅಲ್ಲಿ ಜೊತೆಯೇ ಇರಲಿಲ್ಲವಾದ್ದರಿಂದ ಅದರ ತುದಿಯನ್ನು ಕತ್ತರಿಸಿ ಮಡಚಿ ಬಿಟ್ಟಿದ್ದರು. ಗೀಸರಿನ ಬಳಿಯ ಸಾಕೆಟ್ಟಿನಲ್ಲಿ ಮೂರು ರಂಧ್ರ, ಪ್ಲಗ್ಗಿನಲ್ಲಿ ಮೂರು ಪಿನ್ನು, ಎಲ್ಲವೂ ಅಚ್ಚುಕಟ್ಟು. ಅರ್ಥ್ ಮಾತ್ರ ಅಟ್ಟದಲ್ಲಿ ನಿಂತುಹೋಗಿತ್ತು.

ನಾನು ಹೋಗುವ ಮೊದಲೇ ಈ ಮನೆಗೆ ಎರಡು ಅಭಿಪ್ರಾಯಗಳು ಬಂದಿದ್ದವು. ನೆರೆಯವರ ಪ್ರಕಾರ ಊರಿನಲ್ಲಿ ವೋಲ್ಟೇಜೇ ಕಡಿಮೆ, ಅದಕ್ಕೇ ನೀರು ಬೇಗ ಕಾಯುವುದಿಲ್ಲ. ಮೊದಲು ನೋಡಿದ ಕೆಲಸಗಾರರ ಪ್ರಕಾರ ಫ್ಯೂಸ್ ತಂತಿ ತೆಳುವಾಗಿದೆ. ಅವರು ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿನಲ್ಲಿದ್ದ ತೆಳು ತಂತಿಯನ್ನು ತೆಗೆದು, 3/20 ತಾಮ್ರದ ತಂತಿಯಿಂದ, ಅಂದರೆ 20 ಗೇಜಿನ ಮೂರು ಎಳೆಗಳ ತಂತಿಯಿಂದ, ಬಿಡಿಸಿದ ಒಂದು ಎಳೆಯನ್ನು ಹಾಕಿದ್ದರು. 20 ಗೇಜಿನ ಆ ಎಳೆಯ ವ್ಯಾಸ 0.9 ಮಿಲಿಮೀಟರಿಗಿಂತ ತುಸು ಹೆಚ್ಚು. ಅದು ಕರಗಬೇಕಾದರೆ ಸುಮಾರು 70 ಆಂಪಿಯರ್ ಹರಿಯಬೇಕು. ಅಷ್ಟು ಹರಿಯುವ ಹೊತ್ತಿಗೆ ಫ್ಯೂಸಿಗಿಂತ ಮೊದಲು ಮನೆಯ ತಂತಿಯ ಹೊದಿಕೆಯೇ ಕರಗಿರುತ್ತದೆ. ಇದು ದೊಡ್ಡ ತಪ್ಪು, ನಿಜ. ಆದರೆ ಮುಂದೆ ಅಳತೆಗಳಿಂದ ಕಾಣುವಂತೆ, ಸರಿಯಾದ ಫ್ಯೂಸ್ ಇದ್ದಿದ್ದರೂ ಈ ಮನೆಯ ವಾಸನೆಯನ್ನು ಅದು ತಡೆಯುತ್ತಿರಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಬರೆದಿಡಬೇಕಾದ ಸಂಗತಿ ಅದೇ.

ಅಳತೆ

ಗೀಸರ್ ಚಾಲೂ ಇದ್ದಾಗ ಮೇನ್ ಬೋರ್ಡಿನಲ್ಲಿ 218 ವೋಲ್ಟ್ ಇತ್ತು. ಮಳೆಗಾಲದ ಹಳ್ಳಿಯ ಲೈನಿಗೆ ಇದು ದೂರುವಂಥ ಅಂಕಿಯಲ್ಲ. ಅದೇ ಹೊತ್ತಿಗೆ ಗೀಸರಿನ ಸಾಕೆಟ್ಟಿನಲ್ಲಿ 205 ವೋಲ್ಟ್. ನಡುವೆ 13 ವೋಲ್ಟ್ ಕಳೆದುಹೋಗಿತ್ತು. ಕ್ಲ್ಯಾಂಪ್ ಮೀಟರಿನಲ್ಲಿ ಪ್ರವಾಹ 11.6 ಆಂಪಿಯರ್.

ತಂತಿಯಲ್ಲಿ ಒಂದಷ್ಟು ವೋಲ್ಟೇಜ್ ಕಳೆಯುವುದು ಸಹಜವಾದ್ದರಿಂದ, ಎಷ್ಟು ಕಳೆಯಬೇಕಿತ್ತು ಎಂಬುದನ್ನು ಲೆಕ್ಕ ಹಾಕಬೇಕಾಯಿತು. ಲೋಹದಲ್ಲಿ ಪರಮಾಣುವಿನ ಹೊರಗಿನ ಇಲೆಕ್ಟ್ರಾನುಗಳು ಯಾವುದೋ ಒಂದು ಪರಮಾಣುವಿಗೆ ಅಂಟಿಕೊಂಡಿರುವುದಿಲ್ಲ. ಇಡೀ ಲೋಹಕ್ಕೆ ಅವು ಸಾಮಾನ್ಯ ಸ್ವತ್ತು. ವೋಲ್ಟೇಜ್ ತಳ್ಳಿದತ್ತ ಅವು ಜರುಗುತ್ತವೆ, ಜರುಗುವಾಗ ಅದುರುತ್ತಿರುವ ಪರಮಾಣುಗಳಿಗೆ ತಾಗಿ ತಮ್ಮ ಶಕ್ತಿಯ ಒಂದು ಪಾಲನ್ನು ಶಾಖವಾಗಿ ಬಿಟ್ಟುಕೊಡುತ್ತವೆ. ರೋಧ ಎಂದರೆ ಇದೇ. ಉದ್ದ ಹೆಚ್ಚಿದಷ್ಟೂ ಅದು ಹೆಚ್ಚು, ದಪ್ಪ ಹೆಚ್ಚಿದಷ್ಟೂ ಕಡಿಮೆ. ಅಲ್ಯೂಮಿನಿಯಂ ತಾಮ್ರದ ಸುಮಾರು ಶೇಕಡ 61ರಷ್ಟು ಮಾತ್ರ ವಾಹಕ. 2.5 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ತಂತಿಗೆ ಮೀಟರಿಗೆ 0.0113 ಓಮ್, ಅಷ್ಟೇ ದಪ್ಪದ ತಾಮ್ರಕ್ಕೆ 0.0069 ಓಮ್. ಹೋಗುವ ಬರುವ ದಾರಿ ಎರಡನ್ನೂ ಸೇರಿಸಿದರೆ 36 ಮೀಟರ್ ಅಲ್ಯೂಮಿನಿಯಂ, 14 ಮೀಟರ್ ತಾಮ್ರ. ಒಟ್ಟು ರೋಧ ಅರ್ಧ ಓಮಿನಷ್ಟು. 11.6 ಆಂಪಿಯರಿಗೆ ಇದರಲ್ಲಿ ಕಳೆಯಬೇಕಾದದ್ದು 6 ವೋಲ್ಟಿನೊಳಗೆ. ಉಳಿದ 7 ವೋಲ್ಟ್ ಎಲ್ಲಿ ಹೋಯಿತು?

ಅಟ್ಟಕ್ಕೆ ಹತ್ತಿ ಪೆಟ್ಟಿಗೆ ತೆರೆದಾಗ ಉತ್ತರಕ್ಕೆ ಮೀಟರೇ ಬೇಕಾಗಿರಲಿಲ್ಲ. ಫೇಸ್ ಜಾಯಿಂಟಿನ ಟೇಪು ಕರಗಿ, ಮತ್ತೆ ಗಟ್ಟಿಯಾಗಿ, ಡಾಂಬರಿನ ಉಂಡೆಯಂತಾಗಿತ್ತು. ಜಾಯಿಂಟಿನಿಂದ ಎರಡೂ ಕಡೆಗೆ ಒಂದು ಗೇಣಿನಷ್ಟು ದೂರ ಪಿವಿಸಿ ಹೊದಿಕೆ ಕಂದುಬಣ್ಣಕ್ಕೆ ತಿರುಗಿ, ಬೆರಳಿನಲ್ಲಿ ಒತ್ತಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಕೆಳಗಿನ ಮರದಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ಇದ್ದಿಲಾಗಿತ್ತು. ಆದರೂ ಮೀಟರ್ ಇಟ್ಟು ನೋಡಿದೆ: ಗೀಸರ್ ಓಡುವಾಗ ಫೇಸ್ ಜಾಯಿಂಟಿನ ಈಚೆ ಆಚೆ ನಡುವೆ 5.4 ವೋಲ್ಟ್, ನ್ಯೂಟ್ರಲ್ ಜಾಯಿಂಟಿನಲ್ಲಿ 1.8 ವೋಲ್ಟ್. ಕಳೆದುಹೋದ ಏಳು ವೋಲ್ಟ್ ಸಿಕ್ಕಿತು.

ಐದು ವೋಲ್ಟ್ ಎಂದರೆ ಏನೂ ಅಲ್ಲ ಎನಿಸಬಹುದು. ಮೂರು ನಾಲ್ಕು ಟಾರ್ಚ್ ಸೆಲ್ಲುಗಳಿಂದ ಸಿಗುವಷ್ಟು. ಆದರೆ 5.4 ವೋಲ್ಟನ್ನು 11.6 ಆಂಪಿಯರಿನಿಂದ ಗುಣಿಸಿದರೆ ಸುಮಾರು 63 ವ್ಯಾಟ್. ಹಳೆಯ 60 ವ್ಯಾಟಿನ ಬುರುಡೆ ದೀಪವನ್ನು ಬರಿಗೈಯಲ್ಲಿ ಮುಟ್ಟಿ ಸುಟ್ಟುಕೊಂಡವರಿಗೆ ಆ ಶಾಖದ ಅಂದಾಜು ಇದೆ. ಅಷ್ಟೂ ಶಾಖ ಒಂದು ಅಂಗುಲ ಉದ್ದದ ಹೊಸೆತದಲ್ಲಿ, ಟೇಪಿನ ಹೊದಿಕೆಯ ಒಳಗೆ, ಗಾಳಿಯಾಡದ ಪೆಟ್ಟಿಗೆಯಲ್ಲಿ ಹುಟ್ಟುತ್ತಿತ್ತು. ಅದೇ ಪ್ರವಾಹಕ್ಕೆ ಪಕ್ಕದ ಅಲ್ಯೂಮಿನಿಯಂ ತಂತಿಯಲ್ಲಿ ಹುಟ್ಟುತ್ತಿದ್ದ ಶಾಖ ಮೀಟರಿಗೆ ಒಂದೂವರೆ ವ್ಯಾಟ್. ಕೈಗೆ ಬರೀ ಉಗುರುಬೆಚ್ಚಗೆ. ಬೇರೆ ರೀತಿ ಹೇಳುವುದಾದರೆ, ಆ ಒಂದು ಅಂಗುಲದ ರೋಧ ಅದೇ ತಂತಿಯ 41 ಮೀಟರಿಗೆ ಸಮನಾಗಿತ್ತು.

ಇನ್ನು ಫ್ಯೂಸಿನ ಮಾತು. ಜಾಯಿಂಟು ಸರಿಯಿದ್ದಿದ್ದರೆ ಈ ಗೀಸರ್ 12 ಆಂಪಿಯರ್ ಎಳೆಯುತ್ತಿತ್ತು. ಜಾಯಿಂಟು ಕೆಟ್ಟದ್ದರಿಂದ 11.6 ಎಳೆಯುತ್ತಿತ್ತು. ಅಂದರೆ ದೋಷ ಹೆಚ್ಚಿದಂತೆ ಪ್ರವಾಹ ಕಡಿಮೆಯೇ ಆಗುತ್ತದೆ. ಫ್ಯೂಸಾಗಲಿ, ಪ್ರವಾಹ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿಯಾಗಲಿ ನೋಡುವುದು ತನ್ನ ಮೂಲಕ ಹರಿಯುವ ಪ್ರವಾಹವನ್ನು ಮಾತ್ರ. ಆ ಪ್ರವಾಹ ಎಲ್ಲಿ ಎಷ್ಟು ಶಾಖವಾಗುತ್ತಿದೆ ಎಂಬುದು ಅದಕ್ಕೆ ತಿಳಿಯುವ ಮಾರ್ಗವಿಲ್ಲ. ಹೊಸ ಎಂಸಿಬಿ ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಎಂದು ಅನೇಕರು ಹೇಳುವುದನ್ನು ಕೇಳಿದ್ದೇನೆ. ತಂತಿಯ ಮೇಲಿನ ಹೊರೆಗೆ ಸಂಬಂಧಿಸಿ ಆ ಮಾತು ಸರಿ. ಜಾಯಿಂಟುಗಳನ್ನು ಕಾಯುವ ಸಾಧನ ಸಾಮಾನ್ಯ ಮನೆಯ ಬೋರ್ಡಿನಲ್ಲಿ ಯಾವುದೂ ಇರುವುದಿಲ್ಲ.

ಜಾಯಿಂಟು ಕೆಟ್ಟದ್ದು ಹೇಗೆ

ಹೊಸೆದ ದಿನ ಆ ಜಾಯಿಂಟು ಬಹುಶಃ ಚೆನ್ನಾಗಿಯೇ ಇದ್ದಿರಬೇಕು. ಇಲ್ಲವಾದರೆ ಏಳು ಮಳೆಗಾಲ ತಾಳುತ್ತಿರಲಿಲ್ಲ. ಎರಡು ತಂತಿಗಳು ಕಣ್ಣಿಗೆ ಎಷ್ಟೇ ಬಿಗಿಯಾಗಿ ಅಪ್ಪಿಕೊಂಡಂತೆ ಕಂಡರೂ ನಿಜವಾಗಿ ತಾಗುವುದು ಮೇಲ್ಮೈಯ ಅತಿ ಸಣ್ಣ ಉಬ್ಬುಗಳಲ್ಲಿ ಮಾತ್ರ. ಇಡೀ ಪ್ರವಾಹ ಆ ಕೆಲವು ಚುಕ್ಕಿಗಳ ಮೂಲಕ ನುಸುಳಬೇಕು. ಚುಕ್ಕಿಗಳ ಸಂಖ್ಯೆಯೂ ಅಗಲವೂ ಒತ್ತಡವನ್ನು ಅವಲಂಬಿಸಿರುತ್ತವೆ. ಆದ್ದರಿಂದಲೇ ಒಳ್ಳೆಯ ಜಾಯಿಂಟು ಎಂದರೆ ಒತ್ತಡವನ್ನು ವರ್ಷಗಟ್ಟಲೆ ಬಿಡದೆ ಹಿಡಿದಿಟ್ಟುಕೊಳ್ಳುವ ಜಾಯಿಂಟು.

ಅಲ್ಯೂಮಿನಿಯಂ ಈ ವಿಷಯದಲ್ಲಿ ಮೂರು ಕಡೆ ಸೋಲುತ್ತದೆ. ಗಾಳಿಗೆ ತೆರೆದ ಕೂಡಲೇ ಅದರ ಮೈಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ಆ ಪೊರೆ ಕೆಲವೇ ನ್ಯಾನೋಮೀಟರ್ ದಪ್ಪವಾದರೂ ಗುಣದಲ್ಲಿ ಪಿಂಗಾಣಿಯ ಜಾತಿಗೆ ಸೇರಿದ್ದು, ಒಳ್ಳೆಯ ಅವಾಹಕ. ವಾಹಕವೇ ತನ್ನ ಮೇಲೆ ಅವಾಹಕದ ಅಂಗಿ ತೊಟ್ಟುಕೊಂಡಂತೆ. ತಾಮ್ರದ ಕಿಲುಬೂ ತೊಂದರೆಯದೇ ಆದರೂ ಅದು ಇಷ್ಟು ಹಟಮಾರಿಯಲ್ಲ. ಎರಡನೆಯದಾಗಿ, ಅಲ್ಯೂಮಿನಿಯಂ ಮೆದು. ಬಿಗಿದಿಟ್ಟರೆ ಕಾಲಕ್ರಮದಲ್ಲಿ ಒತ್ತಡದ ಕೆಳಗಿನಿಂದ ಮೆಲ್ಲನೆ ಜಾರಿಕೊಳ್ಳುತ್ತದೆ. ಹಳೆಯ ಅಲ್ಯೂಮಿನಿಯಂ ವೈರಿಂಗಿನ ಸ್ವಿಚ್ಚುಗಳನ್ನು ಬಿಚ್ಚಿದವರು ಸ್ಕ್ರೂಗಳು ಅರ್ಧ ಸುತ್ತು ಸಡಿಲವಾಗಿರುವುದನ್ನು ಕಂಡೇ ಇರುತ್ತಾರೆ. ಯಾರೂ ಅವುಗಳನ್ನು ಸಡಿಲಿಸಿದ್ದಲ್ಲ. ಮೂರನೆಯದಾಗಿ, ಬಿಸಿಯಾದಾಗ ಅದು ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ. ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ತಾಮ್ರ 17 ಪಾಲು ಹಿಗ್ಗಿದರೆ ಅಲ್ಯೂಮಿನಿಯಂ 23 ಪಾಲು. ದಿನಕ್ಕೆ ಎರಡು ಬಾರಿ ಗೀಸರ್ ಹಾಕಿ ಆರಿಸಿದರೆ ಏಳು ವರ್ಷಕ್ಕೆ ಐದು ಸಾವಿರಕ್ಕೂ ಹೆಚ್ಚು ಸಲ ಈ ಎರಡು ಲೋಹಗಳು ಒಂದರ ಮೇಲೊಂದು ಉಜ್ಜಿಕೊಂಡು ಹಿಗ್ಗಿ ಕುಗ್ಗಿರುತ್ತವೆ, ಪ್ರತಿ ಸಲವೂ ಒಂದಿಷ್ಟು ಸಡಿಲವಾಗಿ.

ಇದಕ್ಕೆ ಮಲೆನಾಡು ತನ್ನದೊಂದು ಪಾಲು ಸೇರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಟ್ಟದ ಗಾಳಿಯಲ್ಲಿ ತೇವ ಆರುವುದೇ ಇಲ್ಲ. ಎರಡು ಬೇರೆ ಲೋಹಗಳ ನಡುವೆ ನೀರಿನ ಪಸೆ ನಿಂತರೆ ಅದೊಂದು ಪುಟ್ಟ ಬ್ಯಾಟರಿ; ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಹೊದಿಕೆ ಬಿಸಿಯಾಗಿ ಕೆಡತೊಡಗಿದಾಗ ಪಿವಿಸಿಯಿಂದ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಹೊರಡುತ್ತದೆ, ಅದು ತೇವದಲ್ಲಿ ಕರಗಿ ಸವೆತಕ್ಕೆ ಇನ್ನಷ್ಟು ನೆರವಾಗುತ್ತದೆ. ಹೊಸೆತವನ್ನು ಬಿಡಿಸಿದಾಗ ಅಲ್ಯೂಮಿನಿಯಂ ಎಳೆ ಅರ್ಧಕ್ಕಿಂತ ತೆಳುವಾಗಿ, ಬೂದುಬಿಳಿ ಪುಡಿ ಉದುರುತ್ತಿತ್ತು. ರೋಧ ಹೆಚ್ಚಿದ್ದರಿಂದ ಶಾಖ, ಶಾಖದಿಂದ ಹೊದಿಕೆಯ ನಾಶ, ಅದರಿಂದ ಸವೆತ, ಸವೆತದಿಂದ ಇನ್ನಷ್ಟು ರೋಧ. ಈ ಚಕ್ರ ಮೊದಲ ವರ್ಷಗಳಲ್ಲಿ ಬಹಳ ನಿಧಾನ, ಕೊನೆಯ ತಿಂಗಳುಗಳಲ್ಲಿ ಬಹಳ ವೇಗ. ವಾಸನೆ ಆ ಮಳೆಗಾಲದಲ್ಲಷ್ಟೇ ಶುರುವಾದದ್ದಕ್ಕೆ ಕಾರಣವೂ ಇದೇ.

ಹೀಗೆಂದು ಅಲ್ಯೂಮಿನಿಯಂ ಕೆಟ್ಟ ವಾಹಕ ಎಂದು ತೀರ್ಮಾನಿಸುವುದು ಅನ್ಯಾಯ. ಅದೇ ತಾಲ್ಲೂಕಿನ ಕಾಡಿನ ಮೇಲೆ ಶರಾವತಿ ಕಣಿವೆಯಿಂದ ಹೊರಡುವ ಹೈಟೆನ್ಷನ್ ಲೈನುಗಳು ಉಕ್ಕಿನ ನಡುವೆಳೆಯ ಸುತ್ತ ಹೆಣೆದ ಅಲ್ಯೂಮಿನಿಯಮ್ಮೇ. ತೂಕದ ಲೆಕ್ಕದಲ್ಲಿ ಅದು ತಾಮ್ರವನ್ನು ಮೀರಿಸುತ್ತದೆ: ಅಷ್ಟೇ ರೋಧಕ್ಕೆ ಬೇಕಾಗುವ ಅಲ್ಯೂಮಿನಿಯಮ್ಮಿನ ತೂಕ ತಾಮ್ರದ ಅರ್ಧದಷ್ಟು. ಆದರೆ ಅಲ್ಲಿ ಜಾಯಿಂಟನ್ನು ಕೊಳವೆಯೊಳಗೆ ತೂರಿಸಿ ಯಂತ್ರದಿಂದ ಅದುಮಿರುತ್ತಾರೆ. ಯಾರೂ ಕೈಯಲ್ಲಿ ಹೊಸೆದು ಟೇಪು ಸುತ್ತುವುದಿಲ್ಲ. ಅಮೆರಿಕದಲ್ಲಿ 1965ರಿಂದ 1973ರ ಆಸುಪಾಸಿನವರೆಗೆ ತಾಮ್ರದ ಬದಲಿಗೆ ಅಲ್ಯೂಮಿನಿಯಂ ತಂತಿ ಎಳೆದ ಸುಮಾರು 20 ಲಕ್ಷ ಮನೆಗಳಲ್ಲಿಯೂ ತೊಂದರೆ ಕಾಣಿಸಿಕೊಂಡದ್ದು ತಂತಿಯ ಉದ್ದದಲ್ಲಿ ಅಲ್ಲ, ಸಾಕೆಟ್ಟಿನ ಸ್ಕ್ರೂಗಳಲ್ಲಿ ಮತ್ತು ಜೋಡಣೆಗಳಲ್ಲಿ. ಈ ಮನೆಯ 18 ಮೀಟರ್ ಹಳೆಯ ತಂತಿಯನ್ನೂ ನಾನು ಅಲ್ಲಲ್ಲಿ ಬಾಗಿಸಿ ನೋಡಿದೆ. ಜಾಯಿಂಟಿನ ಹತ್ತಿರದ ಒಂದು ಮೊಳ ಬಿಟ್ಟರೆ ನಲವತ್ತು ವರ್ಷದ ಹೊದಿಕೆ ಇನ್ನೂ ಒಂದು ಮಟ್ಟಿಗೆ ಮೆತ್ತಗೇ ಇತ್ತು.

ಹೊದಿಕೆಯ ಬಗ್ಗೆ ಇಲ್ಲಿ ಒಂದು ಮಾತು. ತೋಟಕ್ಕೆ ನೀರು ಹಾಯಿಸುವ ಗಟ್ಟಿ ಪೈಪೂ ತಂತಿಯ ಮೆದು ಹೊದಿಕೆಯೂ ಒಂದೇ ಪಿವಿಸಿ. ತಂತಿಗೆ ಹೊದಿಸುವಾಗ ಅದು ಬಾಗಲೆಂದು ಎಣ್ಣೆಯಂಥ ದ್ರವವನ್ನು ಬೆರೆಸಿರುತ್ತಾರೆ. ಪಿವಿಸಿಯಲ್ಲಿ ಇಲೆಕ್ಟ್ರಾನುಗಳು ಪರಮಾಣುಗಳ ನಡುವಿನ ಬಂಧಗಳಲ್ಲಿ ಕಟ್ಟುಬಿದ್ದಿರುವುದರಿಂದ ಅವು ಜರುಗಲಾರವು. ತಾಮ್ರದ ಮತ್ತು ಪಿವಿಸಿಯ ರೋಧಶೀಲತೆಗಳ ನಡುವೆ ಒಂದರ ಮುಂದೆ ಸುಮಾರು ಇಪ್ಪತ್ತು ಸೊನ್ನೆ ಇಡುವಷ್ಟು ಅಂತರವಿದೆ. ಆದ್ದರಿಂದಲೇ 0.8 ಮಿಲಿಮೀಟರ್ ದಪ್ಪದ ಪದರ 1100 ವೋಲ್ಟಿನ ದರ್ಜೆಯ ತಂತಿಗೆ ಸಾಕಾಗುತ್ತದೆ. ಅವಾಹಕ ಸೋಲುವುದು ಬಹುಮಟ್ಟಿಗೆ ವೋಲ್ಟೇಜಿಗಲ್ಲ, ಶಾಖಕ್ಕೆ, ತೇವಕ್ಕೆ ಮತ್ತು ಹೊಡೆತಕ್ಕೆ. ಮನೆಯ ಸಾಮಾನ್ಯ ಪಿವಿಸಿ ತಂತಿಯ ಮಿತಿ 70 ಡಿಗ್ರಿ ಸೆಲ್ಸಿಯಸ್. ಅದರಾಚೆಗೆ ಪ್ರತಿ ಎಂಟು ಹತ್ತು ಡಿಗ್ರಿಗೆ ಹೊದಿಕೆಯ ಆಯುಷ್ಯ ಅರ್ಧವಾಗುತ್ತದೆ ಎಂಬುದು ಈ ವೃತ್ತಿಯಲ್ಲಿ ಬಳಕೆಯಲ್ಲಿರುವ ಸ್ಥೂಲ ಲೆಕ್ಕ. ಆ ಎಣ್ಣೆಯಂಥ ದ್ರವ ಆವಿಯಾಗಿ ಹೋದ ಮೇಲೆ ಉಳಿಯುವುದು ಹಪ್ಪಳ.

ಅಜ್ಜಿಯ ಜುಮ್ಮು

ಎರಡನೆಯ ದೂರಿಗೆ ಕಾರಣ ಗೀಸರಿನ ಒಳಗಿನ ಅವಾಹಕ. ನೀರು ಕಾಯಿಸುವ ಸುರುಳಿ ಲೋಹದ ಕೊಳವೆಯೊಳಗಿರುತ್ತದೆ. ಸುರುಳಿಗೂ ಕೊಳವೆಗೂ ನಡುವೆ ಮೆಗ್ನೀಸಿಯಂ ಆಕ್ಸೈಡಿನ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಶಾಖವನ್ನು ಬಿಡಬೇಕು, ವಿದ್ಯುತ್ತನ್ನು ತಡೆಯಬೇಕು ಎಂಬ ಎರಡು ಬೇಡಿಕೆಗಳನ್ನು ಒಟ್ಟಿಗೆ ಈಡೇರಿಸುವ ವಸ್ತುಗಳು ವಿರಳ, ಇದು ಅಂಥದ್ದೊಂದು. ಇದರ ಒಂದೇ ದೌರ್ಬಲ್ಯವೆಂದರೆ ತೇವವನ್ನು ಹೀರಿಕೊಳ್ಳುವುದು. ಕೊಳವೆಯ ಬಾಯಿಗೆ ಹಾಕಿದ ಮುದ್ರೆ ಬಿರುಕು ಬಿಟ್ಟರೆ ರಾತ್ರಿಯಿಡೀ ತೇವ ಒಳಗೆ ಸೇರುತ್ತದೆ, ಬೆಳಿಗ್ಗೆ ಗೀಸರ್ ಓಡತೊಡಗಿದ ಮೇಲೆ ಆರುತ್ತದೆ.

ಗೀಸರನ್ನು ಸಾಕೆಟ್ಟಿನಿಂದ ಬಿಡಿಸಿ ಅವಾಹಕದ ರೋಧ ಅಳೆಯುವ ಸಾಧನವಾದ 500 ವೋಲ್ಟಿನ ಮೆಗ್ಗರಿನಿಂದ ಅಳೆದಾಗ, ತಣ್ಣಗಿದ್ದಾಗ ಸುರುಳಿಗೂ ಮೈಗೂ ನಡುವೆ 0.3 ಮೆಗಾಓಮ್, ಅರ್ಧ ಗಂಟೆ ಕಾಯಿಸಿ ಮತ್ತೆ ಅಳೆದಾಗ 4 ಮೆಗಾಓಮ್. 218 ವೋಲ್ಟಿಗೆ 0.3 ಮೆಗಾಓಮಿನ ಮೂಲಕ ಸೋರುವ ಪ್ರವಾಹ ಒಂದು ಮಿಲಿಆಂಪಿಯರಿನ ಮುಕ್ಕಾಲು ಪಾಲಿಗೆ ಹತ್ತಿರ. ಮನುಷ್ಯನ ಕೈಗೆ ಜುಮ್ಮೆಂದು ತಿಳಿಯುವ ಮಿತಿಯೂ ಅರ್ಧದಿಂದ ಒಂದು ಮಿಲಿಆಂಪಿಯರ್. ಆರಿದ ಮೇಲೆ ಸೋರಿಕೆ ಅದರ ಹದಿಮೂರನೆಯ ಒಂದು ಭಾಗಕ್ಕಿಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಮೊದಲು ಹೋದವರಿಗೆ ಮಾತ್ರ ಎಂದು ಅಜ್ಜಿ ಹೇಳಿದ್ದರ ಅರ್ಥ ಇಷ್ಟೇ.

ನಲ್ಲಿಗೂ ಒದ್ದೆ ನೆಲಕ್ಕೂ ನಡುವೆ ಸಾಮಾನ್ಯ ಡಿಜಿಟಲ್ ಮೀಟರ್ 200 ವೋಲ್ಟಿಗೂ ಹೆಚ್ಚು ತೋರಿಸಿದಾಗ ಮನೆಯವರು ಬೆಚ್ಚಿಬಿದ್ದರು. ಅದೇ ಜಾಗದಲ್ಲಿ 10 ಕಿಲೋಓಮಿನ ರೆಸಿಸ್ಟರ್ ಒಂದನ್ನು ಮೀಟರಿನ ಜೊತೆ ಅಡ್ಡ ಹಾಕಿದ ಕೂಡಲೇ ಅದು 7 ವೋಲ್ಟಿಗೆ ಕುಸಿಯಿತು. ಮೀಟರಿನ ಒಳರೋಧ ಬಹಳ ದೊಡ್ಡದಾದ್ದರಿಂದ ಕ್ಷೀಣ ಸೋರಿಕೆಯನ್ನೂ ಅದು ಪೂರ್ಣ ವೋಲ್ಟೇಜಾಗಿ ತೋರಿಸುತ್ತದೆ. ಟೆಸ್ಟರಿನ ನಿಯಾನ್ ದೀಪದ ಕಥೆಯೂ ಅದೇ. ಆದರೆ ಇದರಿಂದ ಸಮಾಧಾನಪಟ್ಟುಕೊಳ್ಳುವಂತಿರಲಿಲ್ಲ. ಅಜ್ಜಿಯ ಮತ್ತು ಪೂರ್ಣ ವೋಲ್ಟೇಜಿನ ನಡುವೆ ಆಗ ಉಳಿದಿದ್ದದ್ದು ಆ ಒದ್ದೆ ಪುಡಿಯ ರೋಧವೊಂದೇ. ಕೊಳವೆ ಒಮ್ಮೆ ಸೀಳಿದರೆ ಅದೂ ಇಲ್ಲ. ಒದ್ದೆ ಕೈಯ ಒಂದೆರಡು ಸಾವಿರ ಓಮಿನ ಮೂಲಕ ನೂರು ಮಿಲಿಆಂಪಿಯರ್ ಹರಿಯಬಹುದು, ಹೃದಯಕ್ಕೆ ಅಪಾಯ ಅದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ.

ಇಲ್ಲಿಯೇ ಅಟ್ಟದ ಪೆಟ್ಟಿಗೆ ಮತ್ತೆ ಬರುತ್ತದೆ. ಹಸಿರು ತಂತಿ ಅಲ್ಲಿ ಕತ್ತರಿಸದೆ ನೆಲದವರೆಗೆ ಹೋಗಿದ್ದಿದ್ದರೆ ಸೋರಿಕೆಯೆಲ್ಲ ಅದರಲ್ಲಿ ಹರಿದು ನಲ್ಲಿಗೆ ವೋಲ್ಟೇಜೇ ಬರುತ್ತಿರಲಿಲ್ಲ. 2012ಕ್ಕೆ ಮುಂಚೆ ಇದ್ದ ಕಬ್ಬಿಣದ ಪೈಪುಗಳು ಮಣ್ಣಿನೊಳಗೆ ಹಾದು ಹೋಗುತ್ತಿದ್ದವು. ಗೀಸರ್ ಆ ಪೈಪುಗಳಿಗೆ ಜೋಡಿಸಿದ್ದಿದ್ದರೆ ಅವೇ ಒಂದು ಬಗೆಯ ಅರ್ಥ್ ಆಗಿರುತ್ತಿದ್ದವು. ಪೈಪನ್ನು ಪ್ಲಾಸ್ಟಿಕ್ಕಿಗೆ ಬದಲಾಯಿಸುವಾಗ ಅಂಥ ಆಕಸ್ಮಿಕ ರಕ್ಷಣೆಯೂ ಕಳಚಿಹೋಗುತ್ತದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಗಾರೆಯವರಿಗೆ ಅದು ನೀರಿನ ಕೆಲಸ, ವೈರಿಂಗಿನವರಿಗೆ ಅದು ಗಾರೆಯವರ ಕೆಲಸ.

ದುರಸ್ತಿ

ಅಟ್ಟದ ಜಾಯಿಂಟನ್ನು ಸರಿಪಡಿಸುವ ಯೋಚನೆಯನ್ನೇ ಬಿಟ್ಟು, ಮೇನ್ ಬೋರ್ಡಿನಿಂದ ಬಚ್ಚಲಿನವರೆಗೆ ನಡುವೆ ಎಲ್ಲಿಯೂ ಜೋಡಣೆಯಿಲ್ಲದ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು, ಅರ್ಥ್ ತಂತಿ ಸಮೇತ, ಪಿವಿಸಿ ಪೈಪಿನೊಳಗೆ ಎಳೆದೆವು. ಫೇಸ್ ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಸ್ವಿಚ್ಚನ್ನು ಬಚ್ಚಲಿನ ಹೊರಗೋಡೆಯಲ್ಲಿ ಇಟ್ಟು, 16 ಆಂಪಿಯರಿನ ಎಂಸಿಬಿ ಹಾಕಿ, ಗೀಸರಿನ ಸುರುಳಿಯನ್ನು ಬದಲಿಸಿದೆವು. ಮನೆಯ ಹಿಂದಿನ ತೇವದ ಜಾಗದಲ್ಲಿ ಅರ್ಥ್ ಗುಂಡಿ ತೆಗೆದು ಕಬ್ಬಿಣದ ಪೈಪು ಇಳಿಸಿದ ಮೇಲೆ ಅದರ ರೋಧ 9 ಓಮ್ ಬಂತು. ಜಂಬಿಟ್ಟಿಗೆ ನೆಲಕ್ಕೆ ಇದು ಒಳ್ಳೆಯ ಅಂಕಿ.

ಒಳ್ಳೆಯದಾದರೂ ಸಾಲದು. 218 ವೋಲ್ಟನ್ನು 9 ಓಮಿನಿಂದ ಭಾಗಿಸಿದರೆ 24 ಆಂಪಿಯರ್; ಫೇಸ್ ತಂತಿ ಗೀಸರಿನ ಮೈಗೆ ನೇರ ತಾಗಿದರೂ ನೆಲಕ್ಕೆ ಹರಿಯುವುದು ಹೆಚ್ಚೆಂದರೆ ಇಷ್ಟೇ. 70 ಆಂಪಿಯರಿನ ಹಳೆಯ ಫ್ಯೂಸ್ ಎಳೆ ಇದಕ್ಕೆ ಎಂದಿಗೂ ಕರಗದು, ಎಂಸಿಬಿಯೂ ಕೂಡಲೇ ಬೀಳದು. ಅರ್ಥ್ ಇದೆ ಎಂಬ ಮಾತಿಗೆ ಹಳ್ಳಿಯ ಮನೆಗಳಲ್ಲಿ ಇರುವ ಬೆಲೆ ಇಷ್ಟು. ಆದ್ದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಲೇಬೇಕಾಯಿತು. ಹೋದ ಪ್ರವಾಹವೆಷ್ಟು, ಮರಳಿದ್ದೆಷ್ಟು ಎಂದು ಅದು ಸದಾ ತೂಗಿ ನೋಡುತ್ತದೆ; ವ್ಯತ್ಯಾಸ ಬಂದರೆ, ಅಂದರೆ ಎಲ್ಲೋ ಸೋರಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸುತ್ತದೆ.

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಹಾಕಿದ್ದು ನನ್ನ ತಪ್ಪು. ಮರುದಿನದಿಂದಲೇ ಮೂರು ರಾತ್ರಿ, ಮಳೆ ಜೋರಾದಾಗಲೆಲ್ಲ, ಮನೆ ಪೂರ್ತಿ ಕತ್ತಲಾಯಿತು. ಹಳೆಯ ವೈರಿಂಗಿನಲ್ಲಿ ಇಲ್ಲದ ತೊಂದರೆಯನ್ನು ಹೊಸ ಡಬ್ಬಿ ತಂದಿತು, ಅದನ್ನು ತೆಗೆದುಬಿಡಿ ಎಂದು ಯಜಮಾನರು ಫೋನು ಮಾಡಿದಾಗ ಅವರ ಸಿಟ್ಟು ನನಗೆ ಅರ್ಥವಾಗದಿರಲಿಲ್ಲ. ಸಾಲುಗಳನ್ನು ಒಂದೊಂದಾಗಿ ಬಿಡಿಸಿ ಮೆಗ್ಗರ್ ಇಟ್ಟೆ. ಬೇರೆ ಸಾಲುಗಳೆಲ್ಲ ಒಂದು ಮೆಗಾಓಮಿನ ಮೇಲಿದ್ದವು. ಅಡುಗೆಮನೆಯ ಬೆಳಕಿನ ಸಾಲು ಮಾತ್ರ 12 ಕಿಲೋಓಮ್, ಅಂದರೆ 18 ಮಿಲಿಆಂಪಿಯರ್ ಸೋರಿಕೆ. 30ರ ಆರ್‌ಸಿಸಿಬಿ 15ಕ್ಕೂ 30ಕ್ಕೂ ನಡುವೆ ಎಲ್ಲಿ ಬೇಕಾದರೂ ಬೀಳಬಹುದಾದ್ದರಿಂದ ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಸ್ವಿಚ್‌ಬೋರ್ಡಿನ ಹಿಂದೆ, ತಂತಿ ಪೈಪಿಲ್ಲದೆ ಮಣ್ಣಿನ ಹೊರಗೋಡೆಯನ್ನು ಹಾದುಹೋಗುವ ಕಡೆ, ಇಲಿ ಫೇಸ್ ತಂತಿಯ ಹೊದಿಕೆಯನ್ನು ಎರಡು ಬೆರಳಿನಷ್ಟು ಕಡಿದುಹಾಕಿತ್ತು. ಬೇಸಿಗೆಯಲ್ಲಿ ಒಣ ಮಣ್ಣು ಅವಾಹಕ, ಮಳೆಗೆ ನೆನೆದ ಮಣ್ಣು ಅಲ್ಲ. ಎಷ್ಟು ಮಳೆಗಾಲ ಆ ಗೋಡೆ ಹಾಗೆ ಸೋರುತ್ತಿತ್ತೋ ಹೇಳಲಾಗದು.

ಆ ತುಂಡು ತಂತಿಯನ್ನು ಬದಲಿಸಿ ಪೈಪಿನೊಳಗೆ ಹಾಯಿಸಿದ ಮೇಲೆ ಸಾಲು 6 ಮೆಗಾಓಮಿಗೆ ಏರಿತು. ಗೀಸರಿಗೆ ಬೇರೆ, ಉಳಿದ ಮನೆಗೆ ಬೇರೆ ಎಂದು ಎರಡು ಆರ್‌ಸಿಸಿಬಿ ಮಾಡಿದೆವು. ಗೀಸರಿನ ಸಾಕೆಟ್ಟಿನಲ್ಲಿ ಈಗ ಓಡುವಾಗ ಕಳೆಯುವ ವೋಲ್ಟೇಜ್ ಮೂರೂವರೆ ವೋಲ್ಟಿನ ಒಳಗೆ. ಮರುವರ್ಷ ಬಿರುಬೇಸಿಗೆಯಲ್ಲಿ ಹೋಗಿ ಅರ್ಥ್ ಅಳೆದಾಗ 9 ಓಮ್ ಇದ್ದದ್ದು 17 ಆಗಿತ್ತು. ಆರ್‌ಸಿಸಿಬಿ ಬೀಳುವ 30 ಮಿಲಿಆಂಪಿಯರಿಗೆ ಅದರ ಮೇಲೆ ಏಳುವ ವೋಲ್ಟೇಜ್ ಅರ್ಧ ವೋಲ್ಟ್ ಮಾತ್ರವಾದ್ದರಿಂದ ಹಾಗೆಯೇ ಬಿಟ್ಟೆ. ಬೆಳಕಿನ ಸಾಲುಗಳ ಹಳೆಯ ಅಲ್ಯೂಮಿನಿಯಂ ಇನ್ನೂ ಬ್ಯಾಟನ್ನಿನ ಮೇಲಿದೆ. ಎಲ್ಇಡಿ ದೀಪಗಳ ಹೊರೆ ಅದಕ್ಕೆ ಹೊರೆಯೇ ಅಲ್ಲ, ಆದರೆ ಅದರ ಹನ್ನೊಂದು ಜಾಯಿಂಟುಗಳನ್ನು ಅಡಿಕೆ ಕೊಯ್ಲು ಮುಗಿದ ಮೇಲೆ ತೆರೆದು ನೋಡುವುದೆಂದು ಮಾತಾಗಿದೆ.